ಭಂಡಾರ ಹಚ್ಚಿದ ಡೀಸೆಲ್ ಕಾರು

ಕಾರು ಬಂದದ್ದೇ ಗೊತ್ತಾಗಲಿಲ್ಲ. ರೇಸಿನ ದಾರಿಯ ಗೋಡೆಯ ಪಕ್ಕ ನಿಂತಿದ್ದೆ. ಮುಖಕ್ಕೆ ಗಾಳಿ ಬಡಿಯುವಷ್ಟರಲ್ಲಿ ಅದು ತಿರುವು ದಾಟಿತ್ತು. ಹೊಗೆಯಿಲ್ಲ, ಗುಡುಗಿಲ್ಲ. ಇದೂ ಡೀಸೆಲ್ ಎಂಜಿನ್ನೇ ಎಂದರೆ ನಂಬುವುದು ಹೇಗೆ? ಬೀಳಗಿ ತಾಲೂಕಿನಲ್ಲಿ ನಮ್ಮಣ್ಣ ಹೊಳೆಯ ದಂಡೆಯಲ್ಲಿ ಡೀಸೆಲ್ ಪಂಪು ಶುರು ಮಾಡಿದರೆ ಅನಗವಾಡಿಯ ನಾಯಿಗಳೆಲ್ಲ ಬೊಗಳುತ್ತಿದ್ದವು.

ನಾನು ಫ್ರಾನ್ಸಿಗೆ ಬಂದದ್ದು ಈ ಕಾರಿನ ಕೆಲಸಕ್ಕೆ. ಇಪ್ಪತ್ತನಾಲ್ಕು ಗಂಟೆ ನಿಲ್ಲದೆ ನಡೆಯುವ ರೇಸಿಗೆಂದೇ ಕಟ್ಟಿದ, ಊರ ರಸ್ತೆಯಲ್ಲಿ ಎಂದೂ ಕಾಣದ ಕಾರು. ಅದರ ಎಂಜಿನ್ ಜೋಡಿಸುವವರಲ್ಲಿ ನಾನೊಬ್ಬಳು. ಕೆಲಸ ಇರುವವರೆಗೆ ಮಾತ್ರ ಈ ದೇಶದಲ್ಲಿರಲು ಪರವಾನಗಿ.

ಬ್ರೆಡ್ ಅಂಗಡಿಯ ಮೇಲೊಂದು ಕೋಣೆ ಸಿಕ್ಕಿತು. ಇಲ್ಲಿಯವರು ಬ್ರೆಡ್ಡನ್ನು ಕೊಡೆಯಂತೆ ಕಂಕುಳಲ್ಲಿಟ್ಟು ಒಯ್ಯುತ್ತಾರೆ. ಜೋಳದ ಹಿಟ್ಟು ಸಿಗಲಿಲ್ಲ. ‘ಸರಾಜೆಂ’ ಎಂಬ ಕಪ್ಪು ಹಿಟ್ಟು ಸಿಕ್ಕಿತು. ಅದರಲ್ಲೇ ರೊಟ್ಟಿ ತಟ್ಟಿದರೆ, ಯಾರೋ ಮೊಳೆ ಹೊಡೆಯುತ್ತಿದ್ದಾರೆಂದು ಅಂಗಡಿಯಾಕೆ ಮೇಲೆ ಬಂದಳು. ಅರ್ಧ ರೊಟ್ಟಿ ತಿಂದು ಹೋದಳು. ಮರುದಿನದಿಂದ ನನ್ನನ್ನು ಹೆಸರು ಹಿಡಿದು ಕರೆದಳು. ಉಳಿದಂತೆ ಮಾತಿಲ್ಲದ ದಿನಗಳೇ ಹೆಚ್ಚು. ದುಃಖವೂ ಆಗುತ್ತಿರಲಿಲ್ಲ. ಅಣೆಕಟ್ಟಿನ ಹಿನ್ನೀರಿಗೆ ನಮ್ಮ ಹಳ್ಳಿ ಮುಳುಗಿ, ಪುನರ್ವಸತಿ ಕೇಂದ್ರದ ತಗಡಿನ ಶೆಡ್ಡಿಗೆ ಸಾಮಾನು ಹೊತ್ತಾಗಲೂ ಹೀಗೇ ಏನೂ ಅನಿಸಿರಲಿಲ್ಲ.

ಇಲ್ಲಿ ಮೊದಲು ಕಲಿತ ಫ್ರೆಂಚ್ ಪದ ‘ಬ್ರೀದ್’. ಎಂಜಿನ್ ಗಾಳಿ ಎಳೆಯುವ ಬಾಯಿಗೆ ತೊಡಿಸುವ ಬಳೆ ಅದು. ಡೀಸೆಲ್ ಕಾರುಗಳು ಪೆಟ್ರೋಲ್ ಕಾರುಗಳನ್ನು ಮತ್ತೆ ಮತ್ತೆ ಸೋಲಿಸಿದ್ದರಿಂದ, ನಿಯಮ ಮಾಡುವವರು ಡೀಸೆಲ್ಲಿನ ಬಳೆಯನ್ನು ಕಿರಿದು ಮಾಡುತ್ತಾ ಬಂದರು. ಗಾಳಿ ಕಡಿಮೆಯಾದರೆ ಉರಿಯುವ ಇಂಧನವೂ ಕಡಿಮೆ, ಬಲವೂ ಕಡಿಮೆ. ಫೋನಿನಲ್ಲಿ ಇದನ್ನು ಹೇಳಿದಾಗ ಅವ್ವ, “ಗೆದ್ದ ಎತ್ತಿನ ಮೂಗ ಹಿಡದಂಗ ಆತಲ್ಲ ಬೇ,” ಎಂದಳು. ಆಮೇಲೆ ಪ್ರತಿ ಹಂಗಾಮಿಗೂ ಅವಳದು ಒಂದೇ ಪ್ರಶ್ನೆ: “ಈ ಸಲ ಎಷ್ಟ ಉಸರ ಬಿಟ್ಟಾರ?”

ನಮ್ಮಲ್ಲಿ ಪಂಪನ್ನು ಹಂಗಾಮಿನಲ್ಲಿ ಮೊದಲ ಸಲ ಶುರು ಮಾಡುವ ಮುನ್ನ ಅವ್ವ ಅದರ ಬಾಯಿಗೆ ಬೀರೇಶ್ವರನ ಭಂಡಾರ, ಅಂದರೆ ದೇವರ ಅರಿಶಿನ, ಹಚ್ಚುತ್ತಿದ್ದಳು. ನನ್ನ ಮೊದಲ ರೇಸಿನ ತಪಾಸಣೆಯ ಬೆಳಿಗ್ಗೆ ನಾನೂ ಬಳೆಯ ಒಳಗಂಚಿಗೆ ಒಂದು ಚಿಟಿಕೆ ಹಚ್ಚಿದೆ. ಬೇರೆಲ್ಲಿ ಹಚ್ಚುವುದು? ಉಸಿರು ಹೋಗುವುದು ಅಲ್ಲಿಂದಲೇ ತಾನೇ!

ತಪಾಸಣೆಯವನು ಬಳೆಯೊಳಗೆ ಅಳತೆಯ ಗುಂಡು ತೂರಿಸಿದ. ಗುಂಡು ಹಳದಿಯಾಗಿ ಹೊರಬಂತು. ಬಳೆಯನ್ನು ಯಾರಾದರೂ ಕೆದಕಿದ್ದರೆ ಕಾರು ರೇಸಿನಿಂದ ಹೊರಗೆ. ಅದರ ಹಿಂದೆ ನಾನು ದೇಶದಿಂದಲೇ ಹೊರಗೆ. ನಮ್ಮ ಮುಖ್ಯಸ್ಥ ಅಲೆಂ ಮಹಾ ಸಿಡುಕ.

“ಯಾರ ಕೆಲಸ ಇದು?” ಅಲೆಂ ಗದರಿದ.

“ನನ್ನದು. ಅರಿಶಿನ. ನಮ್ಮ ದೇವರದು.”

ತಪಾಸಣೆಯವನು ಮೂಸಿ ನೋಡಿದ, ಬಳೆ ತೊಳೆಸಿದ, ಮತ್ತೆ ಅಳೆದ. ಅಳತೆ ಸರಿಯಿತ್ತು. ಮೊಹರು ಹಾಕಿದ. ಅಲೆಂ ಬೆವರು ಒರೆಸಿಕೊಂಡು, “ಮುಂದಿನ ಸಲ ನಿನ್ನ ದೇವರಿಗೆ ಹೊರಗೆ ಕೂರಲು ಹೇಳು,” ಎಂದ. ಅಂದಿನಿಂದ ಭಂಡಾರದ ಜಾಗ ಕಾರಿನ ಬಾಗಿಲ ಕೆಳಗೆ. ನಾನು ಮರೆತರೆ ಅಲೆಂ ನೆನಪಿಸುತ್ತಿದ್ದ.

ಬಳೆ ಕಿರಿದಾಗುತ್ತಲೇ ಹೋಯಿತು. ಕೊನೆಗೊಂದು ದಿನ ತಂಡವೇ ಡೀಸೆಲ್ ಕೈಬಿಟ್ಟಿತು. ಪೆಟ್ರೋಲ್ ವಿಭಾಗದಲ್ಲಿ ನನಗೊಂದು ಜಾಗವಿದೆ, ಸೋಮವಾರದೊಳಗೆ ಹೇಳು ಎಂದ ಅಲೆಂ. ಅವ್ವನಿಗೆ ಫೋನ್ ಮಾಡಿದೆ.

“ಡೀಸೆಲ್ ಮುಗೀತು ಯವ್ವಾ.”

“ಹಂಗಾದ್ರ ಊರಿಗಿ ಬಂದಬಿಡು.”

“ಯಾವ ಊರಿಗಿ ಬರ್ಲಿ ಬೇ?”

ಸಿಟ್ಟಿನಿಂದ ಕೇಳಿದ್ದಲ್ಲ. ಅವ್ವ ಊರಿನ ಮಾತು ಬಿಟ್ಟಳು.

“ಭಂಡಾರ ಐತೇನ, ಮುಗೀತ? ಕಳಸ್ತೇನಿ. ಇದ್ದಲ್ಲೇ ಹಚ್ಚಕೋ.”

ಸೋಮವಾರ ಅಲೆಂಗೆ ಹ್ಞೂಂ ಎಂದೆ. ಪೆಟ್ರೋಲ್ ಕಾರಿನ ಬಾಗಿಲ ಕೆಳಗೆ ಮೊದಲ ಸಲ ಭಂಡಾರ ಹಚ್ಚಿ, ಬೆರಳಿಗೆ ಉಳಿದದ್ದನ್ನು ಹಣೆಗೆ ಇಟ್ಟುಕೊಂಡಾಗ ಇಷ್ಟು ವರ್ಷ ಬಾರದ ಅಳು ಬಂತು. ಅಲೆಂ ಎಣ್ಣೆ ಒರೆಸುವ ಬಟ್ಟೆ ಚಾಚಿದ. ಯಾವ ಊರಿಗಾಗಿ ಅಳುತ್ತಿದ್ದೀಯೆಂದು ಕೇಳಲಿಲ್ಲ. ನನಗೂ ಅದು ಗೊತ್ತಿರಲಿಲ್ಲ.