ನೆಕ್ಕಿ ನೋಡದೆ ನಂಬದ ಮೇಷ್ಟ್ರು

ತಿಪ್ಪೇರುದ್ರಪ್ಪ ಮೇಷ್ಟ್ರು ಮೊದಲ ದಿನ ನಮ್ಮ ತರಗತಿಗೆ ಬಂದಾಗ ಕೈಯಲ್ಲಿ ಪುಸ್ತಕವಿರಲಿಲ್ಲ, ಒಂದು ಇಟ್ಟಿಗೆಯಿತ್ತು. ಅಂಗಿಯ ತುದಿಯಿಂದ ಅದರ ಮೂಲೆಯನ್ನು ಒರೆಸಿದರು, ಕನ್ನಡಕವನ್ನು ಹಣೆಗೇರಿಸಿದರು, ನಾಲಿಗೆ ಚಾಚಿ ನೆಕ್ಕಿಯೇಬಿಟ್ಟರು. ಮುಂದಿನ ಬೆಂಚಿನಿಂದ ಯಾರೋ “ಥೂ” ಎಂದದ್ದು ನನಗೆ ಕೇಳಿಸಿತು. ಅವರಿಗೂ ಕೇಳಿಸಿರಬೇಕು.

“ಉಪ್ಪದೆ ಕಣ್ರಪ್ಪ. ಇದು ಗೋಡೆಗೆ ಹೋದ್ರೆ ಒಂದು ಮಳೆಗಾಲ ತಡೀತದೆ, ಆಮೇಲೆ ಗಿಲಾವು ಹಪ್ಪಳದಂಗೆ ಎದ್ದು ಬತ್ತದೆ. ನಾನು ಹೇಳ್ದೆ ಅಂತ ನಂಬ್ಬೇಡ್ರಿ. ನಂಬಿ ಕೆಟ್ಟಿರೋ ಗೋಡೆ ಹಿಂದೂಪುರದ ತುಂಬ ಅವೆ. ಒಬ್ಬೊಬ್ಬರೇ ಬಂದು ನೆಕ್ಕಿ ನೋಡ್ರಿ.”

ಹಿಂದೂಪುರದ ಹೊರಗಿದ್ದ ಆರ್ಕಿಟೆಕ್ಚರ್ ಕಾಲೇಜು ಅದು. ಗಾಜಿನ ಮಹಲುಗಳ ಚಿತ್ರ ಬರೆಯುವ ಆಸೆಯಿಂದ ಸೇರಿದ್ದ ನಮಗೆ ಈ ಮನುಷ್ಯ ಇಟ್ಟಿಗೆ ನೆಕ್ಕಿಸುತ್ತಿದ್ದರು. ನನ್ನ ಸರದಿ ಬಂತು. ಅವರು ನೆಕ್ಕಿದ ಜಾಗಕ್ಕೆ ನಾಲಿಗೆ ಇಡಲು ಅಸಹ್ಯವಾಗಿ ಎದುರಿನ ಮೂಲೆಗೆ ಇಟ್ಟೆ. ಬರೀ ಮಣ್ಣಿನ ರುಚಿ. ಹೊಸ ಮಕ್ಕಳನ್ನು ಹೆದರಿಸಲು ನಾಟಕ ಆಡುತ್ತಿದ್ದಾರೆ ಎಂದು ಅನುಮಾನ ಬಂತು. “ಉಪ್ಪೂ ಇಲ್ಲ ಏನೂ ಇಲ್ಲ ಸಾರ್” ಎಂದುಬಿಟ್ಟೆ.

ಅವರ ಮುಖ ಅರಳಿತು. “ಯಾವೂರಮ್ಮ ನೀನು?”

“ಕಲ್ಯಾಣದುರ್ಗ ಸಾರ್.”

“ನೋಡ್ರಿ, ಕಲ್ಯಾಣದುರ್ಗ ಒಂದೇ ನನ್ನ ಮಾತು ನಂಬ್ನಿಲ್ಲ. ಈಗ ಆಚೆ ಮೂಲೆ ನೋಡಮ್ಮ.” ನೋಡಿದೆ. ಉಪ್ಪು ಚುರುಕ್ಕೆಂದಿತು. “ಒಂದು ಮೂಲೆ ನೋಡಿ ಇಟ್ಟಿಗೆ ಒಳ್ಳೇದು ಅನ್ನೋರೂ ಕೆಡ್ತಾರೆ” ಎಂದು ಹೇಳಿ ಇಟ್ಟಿಗೆಯನ್ನು ಮುಂದಿನವನ ಕೈಗಿಟ್ಟರು. ಅಂದಿನಿಂದ ನನ್ನ ಹೆಸರು ಅವರ ಬಾಯಲ್ಲಿ ಕಲ್ಯಾಣದುರ್ಗವಾಯಿತು.

ಅವರ ಅನುಮಾನಕ್ಕೆ ಮೇರೆ ಇರಲಿಲ್ಲ. ಮರಳನ್ನು ಮುಷ್ಟಿಯಲ್ಲಿ ಹಿಂಡಿ, ಕೈ ಬಿಚ್ಚಿ, ಅಂಗೈಗೆ ಅಂಟಿದ ಜೇಡಿಯನ್ನು ಮರಳು ತಂದವನ ಮುಖಕ್ಕೆ ಹಿಡಿಯುತ್ತಿದ್ದರು. ಸಿಮೆಂಟಿನ ಮೂಟೆಯೊಳಗೆ ಮೊಣಕೈವರೆಗೆ ಕೈ ತೂರಿಸಿ ತಣ್ಣಗಿದೆಯೋ ಇಲ್ಲವೋ ನೋಡುತ್ತಿದ್ದರು. ಹೊಸ ಕಟ್ಟಡಕ್ಕೆ ಹೋದರೆ ಕಂಬವನ್ನು ಬೆರಳ ಗೆಣ್ಣಿನಿಂದ ಕುಟ್ಟದೆ ಕುರ್ಚಿಯಲ್ಲಿ ಕೂರರು. ಯಾವ ಗೋಡೆಗೂ ಬೆನ್ನು ಆನಿಸಿದ್ದನ್ನು ನಾನು ಕಂಡಿಲ್ಲ. ಕಾಲೇಜಿನಲ್ಲೂ ಅವರ ಕುರ್ಚಿ ಬಾಗಿಲ ಪಕ್ಕದಲ್ಲೇ. ಕೇಳಿದರೆ, “ಕಟ್ಟಿದೋರು ಯಾರು ಅಂತ ನಂಗೊತ್ತು, ಬುಡಮ್ಮ” ಎನ್ನುತ್ತಿದ್ದರು.

ಆ ನಾಲಿಗೆ ಅವರ ತಂದೆಯ ಆಸ್ತಿ. ಅವರ ತಂದೆ ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ಹಣ್ಣು ನೋಡುವ ಕೆಲಸದಲ್ಲಿದ್ದವರು. ತೂಕ ಹೆಚ್ಚಲೆಂದು ಯಾವ ಮೂಟೆಗೆ ಉಪ್ಪು ನೀರು ಚಿಮುಕಿಸಿದ್ದಾರೆ ಎಂಬುದನ್ನು ಒಂದು ಎಳೆ ಬಾಯಿಗಿಟ್ಟು ಹೇಳುತ್ತಿದ್ದರಂತೆ. ಮಗ ಅದೇ ವಿದ್ಯೆಯನ್ನು ಇಟ್ಟಿಗೆಗೆ ತಂದರು.

ಇದರಿಂದೆಲ್ಲ ಹೊಟ್ಟೆ ಉರಿಸಿಕೊಂಡವರು ಅವರ ಹೆಂಡತಿ ಗೌರಮ್ಮ. ಲೇಪಾಕ್ಷಿ ರಸ್ತೆಯ ಕಡೆ ಮೇಷ್ಟ್ರ ಹೆಸರಿನಲ್ಲಿ ಒಂದು ಸೈಟಿತ್ತು. ಅದರಲ್ಲಿ ಜಾಲಿಗಿಡ ಬೆಳೆಯುತ್ತಿತ್ತೇ ಹೊರತು ಮನೆ ಏಳುತ್ತಿರಲಿಲ್ಲ. ಒಂದು ಸಲ ಮರಳು ಸರಿಯಿಲ್ಲ, ಇನ್ನೊಂದು ಸಲ ಕಲ್ಲಿನ ದನಿ ಸರಿಯಿಲ್ಲ, ಮತ್ತೊಂದು ಸಲ ಮೇಸ್ತ್ರಿಯ ಕಣ್ಣೇ ಸರಿಯಿಲ್ಲ. ನಾವು ಮಂಡಿಯ ಹಿಂದಿನ ಅವರ ಬಾಡಿಗೆ ಮನೆಗೆ ಹೋದಾಗಲೆಲ್ಲ ಗೌರಮ್ಮ ಕಾಫಿಯ ಜೊತೆ ಇದನ್ನೂ ಬಡಿಸುತ್ತಿದ್ದರು. “ಊರೋರಿಗೆಲ್ಲ ಮನೆ ಕಟ್ಟೋದು ಹೇಳ್ಕೊಡ್ತಾರೆ ಮಹಾಶಯ್ರು! ನಾನು ಸಾಯೋದ್ರೊಳಗೆ ನನ್ನ ಸ್ವಂತ ಒಲೆ ಮೇಲೆ ಒಂದು ಪಾತ್ರೆ ಹಾಲು ಉಕ್ಕಿಸ್ತೀನೋ ಇಲ್ಲವೋ!” ಮೇಷ್ಟ್ರು ತಲೆ ತಗ್ಗಿಸಿ ಕಾಫಿಯನ್ನು ಒಂದು ಗುಟುಕು ಪರೀಕ್ಷಿಸಿ ಕುಡಿಯುತ್ತಿದ್ದರು.

ಎರಡನೆಯ ವರ್ಷ ನಮ್ಮನ್ನು ಮಣ್ಣಿನ ಚಾವಣಿಯ ಹಳೆಯ ಮಾಳಿಗೆ ಮನೆ ತೋರಿಸಲು ಕಲ್ಯಾಣದುರ್ಗಕ್ಕೆ ಕರೆದುಕೊಂಡು ಹೋದರು. ನಮ್ಮ ಕಡೆ ಮಾಳಿಗೆಯ ಮೇಲೆ ಚೌಳು ಮಣ್ಣು ಹರಡುವುದು ಹಳೆಯ ಪದ್ಧತಿ. ಆ ಉಪ್ಪುಮಣ್ಣು ಒದ್ದೆಯಾದರೆ ಬಿಗಿದುಕೊಂಡು ನೀರನ್ನು ಕೆಳಗೆ ಬಿಡುವುದಿಲ್ಲ. ಮಳೆಗೆ ಮುಂಚೆ ಪ್ರತಿ ವರ್ಷ ಹೊಸ ಮಣ್ಣು ಹಾಕುತ್ತಾರೆ. ಅದೇ ಹೊತ್ತಿಗೆ ನಮ್ಮ ಅಮ್ಮ ಅದೇ ಊರಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದಳು. ಅವಳ ತಮ್ಮ, ನಮ್ಮ ಓಬಳೇಶ ಮಾವನೇ ಮೇಸ್ತ್ರಿ. ಮೇಷ್ಟ್ರು ನೋಡಿ ಹೊಗಳಲಿ ಎಂದು ನಾನೇ ಕರೆದುಕೊಂಡು ಹೋದೆ.

ತಳಪಾಯದ ಮೇಲೆ ನೆಲ ಎತ್ತರಿಸಲು ಮಾವ ಮಣ್ಣು ತುಂಬಿಸುತ್ತಿದ್ದ. ಮೇಷ್ಟ್ರು ಚಿಟಿಕೆ ತೆಗೆದು ನಾಲಿಗೆಗೆ ಇಟ್ಟುಕೊಂಡರು, ಉಗುಳಿದರು. “ಇದು ಚೌಳು. ಮೊದ್ಲು ತೆಗ್ಸಿ.”

ಮಾವ ಸೊಂಟಕ್ಕೆ ಕೈ ಕೊಟ್ಟು ನಿಂತ. “ಏಂ ಸಾರ್, ಮಾಳಿಗೆ ಮ್ಯಾಲೆ ನಮ್ಮವ್ವ ಇದೇ ಮಣ್ಣು ಹಾಕ್ತಿದ್ಲು. ಒಂದು ಹನಿ ಸೋರಿಲ್ಲ. ತಲೆ ಮ್ಯಾಲೆ ಒಳ್ಳೇದು, ಕಾಲ ಕೆಳಗೆ ಕೆಟ್ಟದ್ದಾ?”

“ತಲೆ ಮ್ಯಾಲಿರೋದು ಬಿಸ್ಲಿಗೆ ಒಣಗ್ತದೆ ಕಣಪ್ಪ. ಕಾಲ ಕೆಳಗಿನ ತೇವ ಎಲ್ಲೋಯ್ತದೆ? ಗೋಡೆ ಹತ್ತುತದೆ, ಉಪ್ಪು ಹೊತ್ಕೊಂಡು.”

ನನಗೆ ಇಬ್ಬರ ಮೇಲೂ ಅನುಮಾನ. ಮಾವ ಸುಲಭಕ್ಕೆ ಸಿಕ್ಕ ಮಣ್ಣು ತಂದಿದ್ದಾನೆಯೇ? ಮೇಷ್ಟ್ರು ತಮ್ಮ ಕಡೆಯ ಮೇಸ್ತ್ರಿಯನ್ನು ಒಳಗೆ ತರಲು ಹೀಗೆ ಮಾಡುತ್ತಿದ್ದಾರೆಯೇ? ಅಮ್ಮ ಮಾತ್ರ ಮಣ್ಣನ್ನು ತಾನೂ ನೆಕ್ಕಿ ನೋಡಿ, “ಓಬಳೇಶಾ, ತೆಗ್ಸು” ಎಂದಳು. ಮಾವ ಮುಖ ಗಂಟುಹಾಕಿಕೊಂಡು ನಡುಮನೆಯ ಮಣ್ಣು ತೆಗೆಸಿದ. ಅಡುಗೆಮನೆಯದ್ದನ್ನು ಹಟಕ್ಕೆ ಹಾಗೇ ಬಿಟ್ಟು ಮೇಲೆ ಬಂಡೆ ಹಾಸಿಬಿಟ್ಟ.

ಮರುವರ್ಷದ ಮಳೆ ಮುಗಿದ ಮೇಲೆ ಅಡುಗೆಮನೆಯ ಗೋಡೆಯ ಬುಡದಲ್ಲಿ ಬಿಳಿ ಬೂಷ್ಟಿನಂತೆ ಉಪ್ಪು ಎದ್ದಿತು. ಗಿಲಾವು ಉದುರಿ ಸಾರಿನ ಪಾತ್ರೆಗೆ ಬಿತ್ತು. ನಡುಮನೆ ಮಾತ್ರ ಗುಂಡುಕಲ್ಲಿನ ಹಾಗಿತ್ತು. ಮಾವ ಇದಕ್ಕೂ ಒಂದು ಅರ್ಥ ಹಚ್ಚಿದ. “ಅವತ್ತು ಆ ಮೇಷ್ಟ್ರು ಅಡುಗೆಮನೆ ಕಡೆ ಒಬ್ರೇ ಹೋಗಿದ್ರು. ಉಪ್ಪು ಚೆಲ್ಲಿ ಬಂದವ್ರೆ, ನಂಗೆ ಗ್ಯಾರಂಟಿ ಗೊತ್ತು.” ನಾನು ಇದನ್ನು ಮೇಷ್ಟ್ರಿಗೆ ಹೇಳಿದಾಗ ಅವರು ನಗಲಿಲ್ಲ. “ಅನುಮಾನ ಒಳ್ಳೇದೇ. ಆದ್ರೆ ಮನುಷ್ಯರ ಮ್ಯಾಲೆ ಪಟ್ಬುಟ್ಟು ಮಣ್ಣನ್ನ ಬುಟ್ಟವ್ನೆ” ಎಂದರು.

ನಾನು ಓದು ಮುಗಿಸಿ ಅನಂತಪುರದ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಒಂದು ಬೆಳಿಗ್ಗೆ ಮೇಷ್ಟ್ರ ಫೋನು ಬಂತು. “ಕಲ್ಯಾಣದುರ್ಗ, ಒಂದ್ಸಲಿ ಬಂದೋಗಮ್ಮ.” ದನಿ ಕುಗ್ಗಿತ್ತು.

ಹೋದೆ. ಲೇಪಾಕ್ಷಿ ರಸ್ತೆಯ ಸೈಟಿನಲ್ಲಿ ಜಾಲಿ ಕಡಿದು ಕಲ್ಲಿನ ತಳಪಾಯ ಎಬ್ಬಿಸಿದ್ದರು. ನನಗೆ ನಂಬಲಾಗಲಿಲ್ಲ. ಒಂದು ಕೆಟ್ಟ ಜ್ವರದಲ್ಲಿ ಮಲಗಿ ಎದ್ದಿದ್ದರಂತೆ. “ಗೌರಮ್ಮ ರಾತ್ರಿಯೆಲ್ಲ ಕೂತು ನೋಡ್ಕೊಂಡ್ಲು. ಇನ್ನೂ ಅವಳನ್ನ ಬಾಡಿಗೆ ಮನೇಲಿ ಇಟ್ರೆ ನಾನು ಮನುಷ್ಯನೇ ಅಲ್ಲ ಕಣಮ್ಮ. ಆದ್ರೆ ನೋಡು, ಆ ಜ್ವರ ನಾಲಿಗೇನ ತಗೊಂಡೋಯ್ತು. ಉಪ್ಪಿನಕಾಯೂ ಒಂದೇ, ಅನ್ನಾನೂ ಒಂದೇ.” ನೆಲಕ್ಕೆ ತುಂಬಲು ಬಂದಿದ್ದ ಮಣ್ಣಿನ ರಾಶಿಯನ್ನು ಶತ್ರುವನ್ನು ನೋಡುವ ಹಾಗೆ ನೋಡುತ್ತಿದ್ದರು.

“ಲ್ಯಾಬಿಗೆ ಕಳಿಸಬಹುದಿತ್ತಲ್ಲ ಸಾರ್?”

“ಕಳ್ಸಿದ್ದೆ. ಚೆನ್ನಾಗದೆ ಅಂದವ್ರೆ. ಅಲ್ಲಿರೋನು ನನ್ನ ಶಿಷ್ಯನೇ, ಅದುಕ್ಕೇ ನಂಬಿಕೆ ಇಲ್ಲ.”

“ನಾನೂ ನಿಮ್ಮ ಶಿಷ್ಯೆಯೇ ಸಾರ್.”

“ನೀನು ಮೊದಲ್ನೇ ದಿನಾನೇ ನನ್ನ ಮಾತು ನಂಬದೇ ಇದ್ದೋಳು. ನೋಡಿ ಹೇಳು.”

ರಾಶಿಯ ನಾಲ್ಕೂ ಕಡೆಯಿಂದ ಚಿಟಿಕೆ ತೆಗೆದು ನಾಲಿಗೆಗೆ ಇಟ್ಟೆ. ಹಲ್ಲಿಗೆ ಕರಕರ ಸಿಕ್ಕಿತು, ಉಪ್ಪು ಸಿಗಲಿಲ್ಲ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ತಿಂದ ಮೆಣಸಿನಕಾಯಿ ಬಜ್ಜಿಯ ಖಾರ ಇನ್ನೂ ನಾಲಿಗೆಯಲ್ಲಿದ್ದರೆ? ಬಾಯಿ ಮುಕ್ಕಳಿಸಿ ಇನ್ನೊಂದು ಸಲ ನೋಡಿದೆ. “ಇಲ್ಲ ಸಾರ್. ಸಿಹಿ ಮಣ್ಣು” ಎಂದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು, ಕಂಬ ಕುಟ್ಟಿ ಕೇಳುವವರ ಹಾಗೆ. ಆಮೇಲೆ ಕೆಲಸದವರತ್ತ ತಿರುಗಿ, “ಸುರೀರಪ್ಪ” ಎಂದರು. ಜೀವಮಾನದಲ್ಲಿ ಯಾರನ್ನೂ ನಂಬದವರು ನನ್ನನ್ನು ನಂಬಿದರು ಎಂದು ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಳು ಬಂದುಬಿಟ್ಟಿತು.

ಮನೆ ಎದ್ದಿತು. ಗೌರಮ್ಮ ಹಾಲು ಉಕ್ಕಿಸಿದರು. ಆ ದಿನವೂ ಮೇಷ್ಟ್ರು ಬಾಗಿಲ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. “ಒಂದು ಮಳೆ ಹೋಗ್ಲಿ, ಒಳಗೆ ಕೂತ್ಕಂತೀನಿ” ಎಂದರು. ಮಳೆಗೆ ಮುಂಚೆಯೇ ಅವರು ಹೋದರು.

ಮಳೆಗಾಲ ಮುಗಿದ ಮೇಲೆ ಗೌರಮ್ಮನವರನ್ನು ನೋಡುವ ನೆಪದಲ್ಲಿ ಹಿಂದೂಪುರಕ್ಕೆ ಹೋದೆ. ಕಾಫಿ ಕುಡಿಯುತ್ತ ಮಾತಾಡುತ್ತಿದ್ದರೂ ನನ್ನ ಕಣ್ಣು ಗೋಡೆಯ ಬುಡದಲ್ಲೇ ಇತ್ತು. ಬಿಳಿ ಎಲ್ಲಾದರೂ ಎದ್ದಿದೆಯೇ? ನನ್ನ ನಾಲಿಗೆ ತಪ್ಪಿದ್ದರೆ ಈ ಹೆಂಗಸಿನ ಗತಿಯೇನು?

ಗೌರಮ್ಮನಿಗೆ ಗೊತ್ತಾಯಿತು. “ಏನಮ್ಮ, ನೀನೂ ಅವರಂಗೇ ಆಗ್ಬುಟ್ಯಾ? ಅವತ್ತು ನೀನು ಹೋದ ಮ್ಯಾಲೆ ಏನ್ ಮಾಡಿದ್ರು ಗೊತ್ತಾ? ಕೆಲಸ ನಿಲ್ಸಿ, ಆ ಮಣ್ಣು ತಂದು ನನ್ನ ನಾಲಿಗೆ ಮ್ಯಾಲಿಟ್ರು. ‘ಹುಡುಗಿ ನಂಗೆ ಬೇಜಾರು ಮಾಡ್ಬಾರ್ದು ಅಂತ ಇಲ್ಲ ಅಂದಿರ್ತಾಳೆ, ನೀನು ಹೇಳು’ ಅಂತ.”

ನಗು ಬಂತು. ಇಷ್ಟು ದಿನ ನಾನು ಎದೆಯಲ್ಲಿಟ್ಟುಕೊಂಡಿದ್ದ ನಂಬಿಕೆ ಒಂದು ಗಂಟೆಯೂ ಬಾಳಿರಲಿಲ್ಲ! “ನೀವೇನಂದ್ರಿ?” ಎಂದೆ.

“ನನ್ನ ಬಾಯ್ತುಂಬ ಎಲೆಅಡಿಕೆ ಇತ್ತು ಕಣಮ್ಮ. ಕಲ್ಲು ಸಕ್ಕರೆ ಇಟ್ಟಿದ್ರೂ ಗೊತ್ತಾಯ್ತಿರ್ಲಿಲ್ಲ. ಉಗುಳಿ ಬತ್ತೀನಿ ಅಂದ್ರೆ ಮತ್ತೆ ಅನುಮಾನ ಎದ್ದು ಮನೇನೇ ನಿಲ್ಸಿಬುಡ್ತಾರೆ ಅಂತ ಭಯ. ಆ ಹುಡುಗಿ ಇಲ್ಲ ಅಂದವ್ಳಲ್ಲ, ಇಲ್ಲ ಅಂದ್ಬುಟ್ಟೆ. ಆಮೇಲೇನೇ ಅವರು ನೆಮ್ಮದಿಯಾಗಿ ಊಟ ಮಾಡಿದ್ದು.”

ನಾನು ಲೋಟ ಕೆಳಗಿಟ್ಟು ಎದ್ದೆ. ಗೋಡೆಯ ಬುಡದಲ್ಲಿ ಬಗ್ಗಿ, ಬೆರಳೊತ್ತಿ, ನಾಲಿಗೆಗೆ ಇಟ್ಟುಕೊಂಡೆ. ಗೌರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದರು.

“ಏನಮ್ಮ? ಉಪ್ಪದಾ?”

“ಇಲ್ಲಮ್ಮ” ಎಂದೆ. “ಇರಿ, ಆಚೆ ಮೂಲೆಯನ್ನೂ ನೋಡಿಬಿಡ್ತೀನಿ.”