ಕಣ್ಣಿಲ್ಲದ ಲೋಹಪ್ಪ

ನಾಯಕನನ್ನು ಯಾರು ಬೇಕಾದರೂ ಬರೆಯಬಹುದು. ಎದೆ ಅಗಲ, ಹಲ್ಲು ಬಿಳಿ, ಎಷ್ಟು ಹೊಡೆದಾಡಿದರೂ ಕ್ರಾಪು ಕೆದರಬಾರದು, ಮುಗಿಯಿತು. ಖಳನನ್ನು ಬರೆಯುವುದಕ್ಕೆ ತಲೆ ಬೇಕು. ಈ ಮಾತನ್ನು ಹದಿಮೂರನೆಯ ವಯಸ್ಸಿನಲ್ಲೇ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಒಪ್ಪದವರ ಜೊತೆ ಜಗಳಕ್ಕೂ ತಯಾರಿದ್ದೇನೆ.

ನಮ್ಮ ಖಳ ಬರುತ್ತಿದ್ದದ್ದು ಒಂದು ವಾರಪತ್ರಿಕೆಯ ಕೊನೆಯ ಎರಡು ಪುಟದ ಚಿತ್ರಕಥೆಯಲ್ಲಿ. ತೊಂಬತ್ತರ ದಶಕದ ನಡುವಿನ ಮಾತು ಇದು. ಸತ್ತುಹೋದ ಗ್ರಹವೊಂದರಿಂದ ಬಂದ ಲೋಹದ ಅರಸ ಅವನು. ಭೂಮಿಯನ್ನು ಗೆದ್ದೇ ತೀರುತ್ತೇನೆಂಬ ಹಟ. ಪತ್ರಿಕೆಯವರು ಅವನಿಗೆ ನಾಲಿಗೆ ಹೊರಳದ ಒಂದು ಹೆಸರಿಟ್ಟಿದ್ದರು. ನಮ್ಮ ಮನೆಯಲ್ಲಿ ಮಾತ್ರ ಅವನು ಲೋಹಪ್ಪ. ಹಾಗೆ ಕರೆದವನು ನನ್ನ ಸೋದರಮಾವ. ಮಾವ ಅರಸೀಕೆರೆಯ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಭಾನುವಾರ ಹಳೇಬೀಡಿಗೆ, ನಮ್ಮ ಮನೆಗೆ ಬರುವಾಗ ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿಯಿಂದ ಪತ್ರಿಕೆ ತರುತ್ತಿದ್ದ. ಬಸ್ಸಿನಲ್ಲೇ ಓದಿ ಮುಗಿಸಿರುತ್ತಿದ್ದರಿಂದ ಮನೆಯ ಮೆಟ್ಟಿಲು ಹತ್ತುವಾಗಲೇ ಕಥೆ ಹೇಳಿಬಿಡುತ್ತಿದ್ದ. ನಾನು ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದೆ.

ಲೋಹಪ್ಪನ ಕಥೆಗಳಲ್ಲಿ ಯಾವುದು ಮೇಲು ಎಂಬ ವಾದ ನಮ್ಮಿಬ್ಬರಲ್ಲಿ ಒಂದು ದಿನವೂ ಮುಗಿಯಲಿಲ್ಲ. ಮಾವನಿಗೆ ಗಡಿಯಾರ ರಿಪೇರಿಯ ಕಥೆ ಪ್ರಾಣ. ಅದರಲ್ಲಿ ಲೋಹಪ್ಪ ಸೋತು, ಶಕ್ತಿಯೆಲ್ಲ ಕಳೆದುಕೊಂಡು, ಒಂದು ಸಣ್ಣ ಊರಿನಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡು ವರ್ಷವಿಡೀ ಕೂರುತ್ತಾನೆ. ಪ್ರತಿಯೊಂದು ಗಡಿಯಾರದಿಂದಲೂ ಯಾರಿಗೂ ತಿಳಿಯದ ಹಾಗೆ ಒಂದೊಂದು ಸೆಕೆಂಡು ಕದ್ದು ಕೂಡಿಡುತ್ತಾನೆ. "ನಮ್ಮ ಆಫೀಸಿನಲ್ಲೂ ಒಬ್ಬ ಲೋಹಪ್ಪ ಇದಾನೆ ಕಣೇ, ಹತ್ತೂವರೆಗೆ ಬಂದು ಹತ್ತಕ್ಕೆ ಸೈನ್ ಮಾಡ್ತಾನೆ" ಎಂದು ಮಾವ ನಗುತ್ತಿದ್ದ. ನನಗೆ ಹಿಡಿಸಿದ್ದು ನೀರಿನ ಕಥೆ. ಅದರಲ್ಲಿ ಭೂಮಿಯ ನೀರನ್ನೆಲ್ಲ ಹೀರಿ ಒಂದು ಗಾಜಿನ ಗೋಲಿಯೊಳಗೆ ತುಂಬಿ ಅವನು ಜೇಬಿಗೆ ಹಾಕಿಕೊಳ್ಳುತ್ತಾನೆ. ಅದನ್ನು ಓದಿದ ಮಾರನೆಯ ಬೆಳಿಗ್ಗೆ ಎದ್ದವಳೇ ಕೆರೆ ಏರಿಯ ಮೇಲೆ ಹೋಗಿ ನೀರಿದೆಯೋ ಇಲ್ಲವೋ ನೋಡಿಕೊಂಡು ಬಂದೆ. ಇತ್ತು. ಸ್ವಲ್ಪ ಬೇಜಾರೂ ಆಯಿತು.

ವೇಷದ ವಿಚಾರಕ್ಕೆ ಬಂದರೆ ಜಗಳ ಇನ್ನೂ ಜೋರು. ಚಿತ್ರಕಾರರು ಬದಲಾದ ಹಾಗೆ ಲೋಹಪ್ಪನ ಮೈಯೂ ಬದಲಾಗುತ್ತಿತ್ತು. ಮೊದಲನೆಯ ಲೋಹಪ್ಪನಿಗೆ ಸೀಮೆಎಣ್ಣೆ ಡಬ್ಬದ ಮೈ, ಹಾಲಿನ ಕ್ಯಾನಿನ ತಲೆ. ಮಾವನ ಪ್ರಕಾರ ಅವನೇ ಅಸಲಿ, ಮಿಕ್ಕವರೆಲ್ಲ ನಕಲಿ. ಅರಸೀಕೆರೆ ಪ್ಲಾಟ್‌ಫಾರಂನಲ್ಲಿ ರೈಲು ಕಾಯುವ ಅಭಿಮಾನಿಗಳೂ ಹೀಗೇ ಹೇಳುತ್ತಾರೆಂದು ಸಾಕ್ಷಿ ಬೇರೆ ಕೊಡುತ್ತಿದ್ದ. ಎರಡನೆಯವನು ಕರಿ ನಿಲುವಂಗಿಯ ಒಣಕಲ. ಅವನನ್ನು ಕಂಡರೆ ಹೆದರಿಕೆಯಲ್ಲ, ಕರೆದು ಊಟ ಹಾಕಬೇಕು ಅನ್ನಿಸುತ್ತಿತ್ತು. ಮೂರನೆಯವನ ಮೈತುಂಬ ಬರೀ ವೈರು.

ಆಗ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಬಂತು. ಲೋಹಪ್ಪನಿಗೆ ಹೊಸ ರೂಪ ಬೇಕು, ಓದುಗರೇ ಬರೆದು ಕಳಿಸಬಹುದು, ಒಪ್ಪಿಗೆಯಾದ ರೂಪದಲ್ಲೇ ಮುಂದಿನ ಕಥೆಗಳು. ಚಿತ್ರದ ಹಿಂದೆ ವಿಳಾಸ ಸಾಕು, ಪತ್ರ ಬೇಡ.

ಇಲ್ಲಿ ನನ್ನ ತಾತನ ವಿಚಾರ ಹೇಳಬೇಕು. ತಾತ ಶಿಲ್ಪಿ. ಮನೆಯ ಪಕ್ಕದ ಶೆಡ್ಡಿನಲ್ಲಿ ಬಳಪದ ಕಲ್ಲಿನ ವಿಗ್ರಹಗಳನ್ನು ಕಡೆಯುತ್ತಿದ್ದ. ಸುತ್ತಲಿನ ಹಳ್ಳಿಗಳ ಗುಡಿಗಳಿಗೆ ಅವನ ಕೈಯ ದೇವರುಗಳೇ ಹೋಗುತ್ತಿದ್ದವು. ಮಾದಿಹಳ್ಳಿ ಕಡೆಯ ಇಬ್ಬರು ಅವನ ಹತ್ತಿರ ಕೆಲಸ ಕಲಿಯುತ್ತಿದ್ದರು. ಮೂವರಿಗೂ ಕೂರಲು ಒಂದೊಂದು ಗೋಣಿಚೀಲ ಹಾಸಿರುತ್ತಿತ್ತು. ನನಗೆ ಪೊರಕೆ. ಸಂಜೆ ಕಲ್ಲಿನ ಪುಡಿ ಗುಡಿಸುವುದು ನನ್ನ ಕೆಲಸ. ಆ ಇಬ್ಬರಿಗಿಂತ ನನ್ನ ಕೈಯ ಗೆರೆ ಚೆನ್ನಾಗಿದೆ ಎಂದು ನನಗೆ ಗೊತ್ತಿತ್ತು. ಜಂಬವಲ್ಲ, ಅವರೇ ಬಳ್ಳಿ ಹೂವಿನ ಮಾದರಿಯನ್ನು ನನ್ನ ಹತ್ತಿರ ಬರೆಸಿಕೊಳ್ಳುತ್ತಿದ್ದರು. ಆದರೆ ನಾನು ಉಳಿ ಕೇಳಿದಾಗಲೆಲ್ಲ ತಾತ ಬೇಡ ಅನ್ನುತ್ತಲೂ ಇರಲಿಲ್ಲ, ಕೊಡುತ್ತಲೂ ಇರಲಿಲ್ಲ. "ಆ ಮೂಲೇಲಿ ಪುಡಿ ಉಳ್ಕಂಡೈತೆ ನೋಡು ಮಗ" ಅನ್ನುತ್ತಿದ್ದ. ಆ ಗೋಣಿಚೀಲದ ಆಸೆ ನನಗೆ ಎಷ್ಟಿತ್ತೆಂದರೆ, ಶೆಡ್ಡಿನಲ್ಲಿ ಯಾರೂ ಇಲ್ಲದಾಗ ಅದರ ಮೇಲೆ ಕೂತು ಎದ್ದು ಬರುತ್ತಿದ್ದೆ.

ಲೋಹಪ್ಪನನ್ನು ಮೂರು ವಾರ ಬರೆದೆ. ನನ್ನ ಮಾದರಿ ನಮ್ಮೂರ ಹಳೆಯ ಗುಡಿಯ ಗೋಡೆಯ ಮೇಲೇ ಇತ್ತು. ಅಲ್ಲಿನ ಮಕರವನ್ನು ತೋರಿಸಿ ಗೈಡುಗಳು ದಿನಕ್ಕೆ ಹತ್ತು ಸಲ ಒಪ್ಪಿಸುತ್ತಿದ್ದರು, ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸಿಂಹದ ಪಾದ, ಹಂದಿಯ ಮೈ, ನವಿಲಿನ ಬಾಲ. ಅಷ್ಟನ್ನೂ ನಾನು ಲೋಹ ಮಾಡಿದೆ. ಸೊಂಡಿಲು ಹೊಗೆಯ ಕೊಳವೆಯಾಯಿತು. ಕೊರಳಿಗೆ ಹಲ್ಲುಚಕ್ರಗಳ ಹಾರ, ತೋಳಿಗೆ ಸ್ಪ್ರಿಂಗಿನ ಬಳೆ, ಸೊಂಟಕ್ಕೆ ಸೈಕಲ್ ಚೈನಿನ ಡಾಬು. ರಾಕ್ಷಸನನ್ನೂ ಒಡವೆಯಿಲ್ಲದೆ ನಿಲ್ಲಿಸುವ ಊರಲ್ಲ ನಮ್ಮದು.

ತಾತ ಒಂದು ಮಧ್ಯಾಹ್ನ ಎಲೆಯಡಿಕೆ ಹಾಕಿಕೊಳ್ಳುತ್ತಾ ಚಿತ್ರವನ್ನು ಕೈಗೆತ್ತಿಕೊಂಡ. ಬಹಳ ಹೊತ್ತು ನೋಡಿದ.

"ಇವ ನಿಂತವ್ನಾ, ಬೀಳ್ತಾವ್ನಾ?"

"ನಿಂತಿದಾನೆ ತಾತ."

"ಭಾರ ಯಾವ ಕಾಲ್ಮ್ಯಾಲೆ ಐತೆ? ಕಾಣ್ತಾನೇ ಇಲ್ವಲ್ಲ. ಮುಖ ಅಳಕಂಡು ಮೈ ಕಟ್ಟಬೇಕು ಮಗ. ಮನುಷ್ಯನಿಗೆ ಎಂಟು ಮುಖದುದ್ದ. ಅಸುರನಿಗೆ ಹನ್ನೆರಡು. ಇವ ಅಸುರ ತಾನೆ?"

ಅಸುರನೇ. ಹನ್ನೆರಡು ಮುಖದುದ್ದಕ್ಕೆ ಎಳೆದು ಮತ್ತೆ ಬರೆದೆ. ಭಾರ ಬಲಗಾಲಿಗೆ ಹಾಕಿದೆ. ಲೋಹಪ್ಪ ಮೊದಲ ಸಲ ನೆಲದ ಮೇಲೆ ನಿಂತ. ಇನ್ನು ಕಣ್ಣು ಬರೆಯಬೇಕು ಅನ್ನುವಾಗ ತಾತ ನನ್ನ ಕೈ ಹಿಡಿದ.

ತಾತನ ಶೆಡ್ಡಿನಲ್ಲಿ ಯಾವ ವಿಗ್ರಹಕ್ಕೂ ಕಣ್ಣು ತೆರೆಸುತ್ತಿರಲಿಲ್ಲ. ರೆಪ್ಪೆಯ ಗೆರೆ, ಕಣ್ಣಿನ ಉಬ್ಬು ಎಲ್ಲ ಇರುತ್ತಿತ್ತು, ಕಣ್ಣಗುಡ್ಡೆ ಮಾತ್ರ ಇಲ್ಲ. ವಿಗ್ರಹ ತನ್ನ ಗುಡಿ ಸೇರಿ ಪೀಠದ ಮೇಲೆ ನಿಂತ ಮೇಲೆ ತಾತ ಅಲ್ಲಿಗೆ ಹೋಗಿ, ಚಿನ್ನದ ಸೂಜಿಯಿಂದ ಗೀರಿ ಕಣ್ಣು ತೆರೆಸಿ ಬರುತ್ತಿದ್ದ. ಆ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದೆಂದು ಎದುರಿಗೆ ಕನ್ನಡಿ ಹಿಡಿಯುತ್ತಿದ್ದರು. ಕಡೆದ ಕೈಯೇ ಕಣ್ಣು ತೆರೆಸಬೇಕು ಎಂಬುದು ಅವನ ಇನ್ನೊಂದು ನಿಯಮ.

"ಇವ ಇರೋದು ಎಲ್ಲಿ? ಪತ್ರಿಕೇಲಿ. ಕಣ್ಣು ಅಲ್ಲೇ ತೆರೆಸಬೇಕು" ಎಂದ ತಾತ. "ಇಲ್ಲೇ ತೆರೆಸ್ಬಿಟ್ರೆ ನಮ್ಮನೇಲೇ ಕುಂತ್ಕತಾನೆ. ಅಸುರ ಬೇರೆ."

"ಅವರಿಗೆ ಇದೆಲ್ಲ ಗೊತ್ತಿರತ್ತಾ ತಾತ?"

"ಗೊತ್ತಿರ್ದೆ ಏನು? ಅವರೂ ಕೆಲಸಗಾರರಲ್ವಾ?"

ನಾನೂ ಪೂರ್ತಿ ನಂಬಿದೆ. ಚಿತ್ರ ಬರೆಯುವವರಿಗೆ ಇಷ್ಟೂ ಗೊತ್ತಿರುವುದಿಲ್ಲವೆಂದು ನಮಗೆ ಹೊಳೆಯಲೇ ಇಲ್ಲ. ಮಾವ ಮಾತ್ರ ಲಕೋಟೆಗೆ ಹಾಕುವಾಗ, "ಕಣ್ಣೇ ಇಲ್ವಲ್ಲೇ, ಮರೆತುಬಿಟ್ಯಾ?" ಎಂದ. "ನಿನಗೆ ತಿಳಿಯಲ್ಲ, ಸುಮ್ಮನೆ ಪೋಸ್ಟ್ ಮಾಡು" ಎಂದೆ.

ಎರಡು ತಿಂಗಳ ಮೇಲೆ ಮಾವ ಬಸ್ಸಿಳಿದು ಓಡುತ್ತಾ ಬಂದ. ಆ ದಿನ ಕಥೆ ಹೇಳಲಿಲ್ಲ, ಪತ್ರಿಕೆಯನ್ನೇ ಕೈಗೆ ತುರುಕಿದ. ನನ್ನ ಲೋಹಪ್ಪ ಅಂಗೈಯಗಲ ನಿಂತಿದ್ದ. ಹಾರ, ಡಾಬು, ಸೊಂಡಿಲು, ಒಂದೂ ಬಿಟ್ಟಿರಲಿಲ್ಲ. ಕೆಳಗೆ, "ಹಳೇಬೀಡಿನ ಓದುಗರೊಬ್ಬರ ಅದ್ಭುತ ಕಲ್ಪನೆ: ಕಣ್ಣೇ ಇಲ್ಲದ ಖಳ!"

ಸಂತೋಷ ಹೇಳತೀರದು. ಅದರ ಹಿಂದೆಯೇ ನಾಚಿಕೆಯೂ ಬಂತು, ಏಕೆಂದರೆ ಅದು ಕಲ್ಪನೆಯಲ್ಲ, ಅರ್ಧ ಕೆಲಸ. ತಾತನಿಗಂತೂ ಕೋಪ. "ಕಣ್ಣು ತೆರೆಸ್ದೆ ಕೂರ್ಸವ್ರೆ! ಎಂಥ ಜನ ಇವ್ರು?" ಎಂದು ಸಂಜೆಯವರೆಗೂ ಗೊಣಗಿದ. ಸಂಜೆ ಕಲಿಯುವ ಇಬ್ಬರಿಗೂ ಪುಟ ತೋರಿಸುತ್ತಾ, "ಅಳತೆ ಹೇಳ್ದವ್ನು ನಾನು. ಎಂಗೆ ನಿಂತವ್ನೆ ನೋಡ್ರಲಾ" ಎಂದ. ನಾನು ಪೊರಕೆ ಬಿಸಾಡಿದೆ.

"ಅಳತೆ ಹೇಳಿದ್ದು ನೀನು. ಬರೆದಿದ್ದು ನಾನು" ಎಂದೆ.

ತಾತ ತಿರುಗಿ ನೋಡಿದ. ಅತ್ತುಬಿಡುತ್ತೇನೆಂದು ಗೊತ್ತಾಗಿ ನಾನೇ ಹೊರಟುಹೋದೆ. ಅವತ್ತು ಶೆಡ್ಡು ಗುಡಿಸಲಿಲ್ಲ.

ಮುಂದಿನ ಮೂರು ವರ್ಷ ಕಣ್ಣಿಲ್ಲದ ಲೋಹಪ್ಪ ಮೆರೆದ. ಹೆಜ್ಜೆಯ ಸದ್ದಿನಲ್ಲೇ ಶತ್ರುವನ್ನು ಗುರುತಿಸುತ್ತಿದ್ದ. ಕೈಗೆ ಸಿಕ್ಕ ಶತ್ರು ವಿಜ್ಞಾನಿಯೊಬ್ಬನನ್ನು ಅವನು ಕೊಲ್ಲದೆ ಬಿಟ್ಟ ಕಥೆ ಬಂದದ್ದೂ ಆಗಲೇ. ತಾನು ಹುಟ್ಟಿದ ದಿನವನ್ನು ನೆನಪಿಟ್ಟುಕೊಂಡವನು ಈ ಭೂಮಿಯಲ್ಲಿ ಆ ವಿಜ್ಞಾನಿಯೊಬ್ಬನೇ ಎಂದು ಲೋಹಪ್ಪ ಬಿಟ್ಟುಬಿಡುತ್ತಾನೆ. ಅದನ್ನು ಓದಿ ಮಾವನೇ ಸೀಮೆಎಣ್ಣೆ ಡಬ್ಬದವನ ಪಕ್ಷ ಬಿಟ್ಟು ನನ್ನ ಕಡೆ ಬಂದ. ಲೋಹಪ್ಪನಿಗೆ ಕಣ್ಣೇಕಿಲ್ಲ ಎಂದು ಓದುಗರ ಪತ್ರಗಳು ಸಾಲುಸಾಲಾಗಿ ಬರುತ್ತಿದ್ದವು. ಕಣ್ಣನ್ನು ಸತ್ತ ಗ್ರಹದಲ್ಲೇ ಬಿಟ್ಟು ಬಂದಿದ್ದಾನೆಂದು ಒಬ್ಬರು ಬರೆದರೆ, ಭೂಮಿಯ ಅಂದ ಕಂಡರೆ ಮನಸ್ಸು ಕರಗೀತೆಂದು ತಾನೇ ಕಿತ್ತುಕೊಂಡನೆಂದು ಇನ್ನೊಬ್ಬರು. ನಾನು ಕಾರ್ಡು ಬರೆದೆ, ಕಣ್ಣು ತೆರೆಸುವುದು ಬಾಕಿಯಿದೆ, ದಯವಿಟ್ಟು ತೆರೆಸಿ ಎಂದು. ಕಣ್ಣಿಲ್ಲದಿರುವುದೇ ಅವನ ಸೊಗಸು ಎಂದು ಎರಡೇ ಸಾಲಿನ ಉತ್ತರ ಬಂತು.

ಕಥೆಪುಸ್ತಕ ಎಂದರೆ ಮೂಗು ಮುರಿಯುತ್ತಿದ್ದ ತಾತ ಈಗ ಭಾನುವಾರ ಮಾವನ ದಾರಿ ಕಾಯುತ್ತಿದ್ದ. ಕಥೆ ಅವನಿಗೆ ಬೇಕಿರಲಿಲ್ಲ. "ತೆರೆಸಿದ್ರಾ?" ಎಂದೊಂದೇ ಪ್ರಶ್ನೆ. ಇಲ್ಲ ಎಂದರೆ ತಲೆಯಾಡಿಸಿ ಶೆಡ್ಡಿಗೆ ಹೋಗುತ್ತಿದ್ದ. ನನ್ನ ಕೈಯ ಪೊರಕೆ ಮಾತ್ರ ಹಾಗೇ ಇತ್ತು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ಬೇಸಿಗೆಯಲ್ಲಿ ಪತ್ರಿಕೆಯವರು ಚಿತ್ರಕಥೆಯನ್ನೇ ನಿಲ್ಲಿಸಿದರು. ಕೊನೆಯ ಕಂತಿನಲ್ಲಿ ಲೋಹಪ್ಪ ತಾನೇ ಬತ್ತಿಸಿದ ಒಂದು ಕೆರೆಯ ನಡುವೆ ಕೂತು ನೀರು ತುಂಬಿಟ್ಟ ಆ ಗಾಜಿನ ಗೋಲಿಯನ್ನು ಒಡೆಯುತ್ತಾನೆ. ನೀರು ಏರುತ್ತದೆ. ಲೋಹದ ಮೈ ತುಕ್ಕು ಹಿಡಿಯುತ್ತದೆ. ಕೊನೆಯ ಚೌಕದಲ್ಲಿ ನೀರು ಗಲ್ಲದವರೆಗೆ ಬಂದಿದೆ, ಮುಖ ಮಾತ್ರ ಮೇಲಿದೆ, ಕಣ್ಣಿನ ಜಾಗ ಖಾಲಿ. ಅವನು ಖಳ, ಸಾಯಬೇಕಾದವನೇ. ಆದರೂ ಇನ್ನೊಮ್ಮೆ ನೋಡಲಾಗದೆ ಪುಟವನ್ನು ಮಾವನ ಕೈಗೆ ಕೊಟ್ಟುಬಿಟ್ಟೆ.

"ತೆರೆಸಿದ್ರಾ?" ತಾತ ಕೇಳಿದ.

ಮಾವ ಪುಟ ತೋರಿಸಿದ. ತಾತ ಅದನ್ನು ಹತ್ತಿರ ಹಿಡಿದು ನೋಡಿದ.

"ಒಂದು ದಿನಾನೂ ನೋಡಿಸ್ದೆ ಮುಳುಗಿಸ್ಬಿಟ್ರಲ್ಲ" ಎಂದ. ದನಿಯಲ್ಲಿ ಕೋಪವಿರಲಿಲ್ಲ, ನಿಜವಾದ ಸಂಕಟವಿತ್ತು. ನನಗೆ, "ಸ್ನಾನ ಮಾಡ್ಕಂಡು ಬಾ" ಎಂದ. ಮಾವನಿಗೆ, "ನಿನ್ ಗಡ್ಡ ಕೆರೆಯೋ ಕನ್ನಡಿ ತಗಂಬಾ" ಎಂದ.

ನಾನು ಸ್ನಾನ ಮಾಡಿ ಶೆಡ್ಡಿಗೆ ಹೋದಾಗ ತಾತ ಆ ಪುಟವನ್ನು ಒಂದು ಬಳಪದ ಹಲಗೆಯ ಮೇಲೆ ಹಾಸಿದ್ದ. ಅವನೂ ಸ್ನಾನ ಮಾಡಿ ಮಡಿ ಪಂಚೆ ಉಟ್ಟಿದ್ದ. ಸೂಜಿಯ ಸಣ್ಣ ಮರದ ಕರಡಿಗೆ ಪಕ್ಕದಲ್ಲಿತ್ತು. ಕಲಿಯುವ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೂ ಆ ಸೂಜಿಯನ್ನು ಅವನು ಮುಟ್ಟಲು ಕೊಟ್ಟಿರಲಿಲ್ಲ. ಯಾರೂ ಎದುರು ನಿಲ್ಲಬಾರದು ಎಂದು ತಾತ ಎಲ್ಲರನ್ನೂ ಬದಿಗೆ ಸರಿಸಿದ. ಕನ್ನಡಿಯನ್ನು ಮಾವನಿಂದ ಇಸಿದುಕೊಂಡು ತಾನೇ ಲೋಹಪ್ಪನ ಎದುರಿಗೆ ಹಿಡಿದ. ಕರಡಿಗೆಯನ್ನು ನನ್ನ ಕಡೆ ತಳ್ಳಿದ.

"ನೀನು ತೆರೆಸಲ್ವಾ ತಾತ?"

"ನಾನ್ಯಾಕೆ? ಅಳತೆ ಹೇಳ್ದೆ ಅಷ್ಟೆಯ. ಮಾಡಿದ್ದು ನೀನು."

ಮೂರು ವರ್ಷದ ಹಿಂದೆ ಪೊರಕೆ ಬಿಸಾಡಿ ಆಡಿದ ಮಾತನ್ನು ಅವನು ಮರೆತಿರಲಿಲ್ಲ. ಇಂಥ ಹೊತ್ತು ಬಂದರೆ ನನ್ನ ಕೈ ಕಲ್ಲಿನ ಹಾಗೆ ನಿಲ್ಲುತ್ತದೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೆ. ಈಗ ಸೂಜಿಯನ್ನು ಎರಡು ಸಲ ಎತ್ತಿ ಎರಡು ಸಲವೂ ಕೆಳಗಿಟ್ಟೆ. ತಾತ ಅವಸರ ಮಾಡಲಿಲ್ಲ, ಕನ್ನಡಿ ಹಿಡಿದುಕೊಂಡು ಮುಖ ಪಕ್ಕಕ್ಕೆ ತಿರುಗಿಸಿ ಕಾದ. ಬಲಗಣ್ಣು ಮೊದಲು, ಆಮೇಲೆ ಎಡಗಣ್ಣು. ಸೂಜಿಯ ಮೊನೆ ಕಾಗದ ದಾಟಿ ಕಲ್ಲಿಗೆ ತಾಗಿದ್ದು ಬೆರಳಿಗೆ ಗೊತ್ತಾಯಿತು. ಎರಡು ಕಣ್ಣೂ ಒಂದೇ ಸಮ ಬಂದಿದ್ದವು. ಈ ಮಾತು ನಾನು ಹೇಳಿದ್ದಲ್ಲ. ತಾತ ಬಗ್ಗಿ ನೋಡಿ, "ಸಮಾ ಐತೆ" ಎಂದ.

"ಈಗ ನಮ್ಮನೇಲೇ ಕೂತ್ಕೋತಾನಲ್ಲಪ್ಪ" ಎಂದ ಮಾವ.

"ಕೂರ್ಲಿ ಬಿಡು. ಸತ್ತವ ಏನ್ ಮಾಡಾನು?" ಎಂದು ತಾತ ಕನ್ನಡಿ ಕೊಟ್ಟು ಎದ್ದ.

ಮಾರನೆಯ ದಿನ ಸಂಜೆ ಎಂದಿನಂತೆ ಪೊರಕೆ ಹಿಡಿದು ಶೆಡ್ಡಿಗೆ ಹೋದೆ. ಮೂರು ಗೋಣಿಚೀಲಗಳ ಪಕ್ಕದಲ್ಲಿ ನಾಲ್ಕನೆಯದೊಂದು ಹಾಸಿತ್ತು. ಮುಂದೆ ತೆಂಗಿನಕಾಯಿಯಷ್ಟು ದಪ್ಪದ ಒಂದು ಬಳಪದ ಕಲ್ಲು, ಒಂದು ಉಳಿ. ತಾತ ತನ್ನ ಕೆಲಸದಿಂದ ತಲೆಯೆತ್ತಲಿಲ್ಲ. ಆ ಇಬ್ಬರಲ್ಲಿ ಒಬ್ಬನಿಗೆ, "ಲೋ, ಅವಳ ಕೈಲಿರೋ ಪೊರಕೆ ಇಸ್ಕಳ್ಳೋ" ಎಂದ.