ಹಳೆಯ ಹಲಗೆ ಹೊತ್ತು ಕಡಬಕ್ಕೆ

ಪುತ್ತೂರು ಬಸ್‌ನಿಲ್ದಾಣದಲ್ಲಿ ಇಳಿದ ಚಿಕ್ಕಮ್ಮನ ಕಂಕುಳಲ್ಲಿ ಹಳೆಯ ಸೀರೆ ಸುತ್ತಿದ ಹಲಗೆಯೊಂದಿತ್ತು. ಆಲೆಟ್ಟಿಯ ಅವರ ಮನೆಯ ಜೇನು ಪೆಟ್ಟಿಗೆಗೆ ಗೆದ್ದಲು ಹಿಡಿದಿತ್ತು. ಹೊಸದನ್ನು ತರಲು ನಾವಿಬ್ಬರೂ ಕಡಬಕ್ಕೆ ಹೊರಟಿದ್ದೆವು. ಹಲಗೆ ಹಳೆಯ ಪೆಟ್ಟಿಗೆಯ ಒಳಮುಚ್ಚಳ.

"ಇದು ಎಂತಕ್ಕೆ?" ಎಂದೆ.

"ಹಳೇದರ ಒಂದು ಹಲಗೆ ಸೇರಿಸಿಯೇ ವರ್ಕಿಯಣ್ಣ ಹೊಸ ಪೆಟ್ಟಿಗೆ ಕೊಡುದು. ಜೇನುಹುಳಗಳಿಗೆ ಮನೆಯ ವಾಸನೆ ಬೇಕಂತೆ."

"ಅಂತೆ ಅಂದ್ರೆ ಸಾಕ್ಷಿ ಆಯ್ತಾ?"

"ನೀನು ಬಸ್ಸು ಹತ್ತು ಮಾರಾಯ್ತಿ."

ಅವರಿಗೆ ವಾದ ಬೇಕಿರಲಿಲ್ಲ. ಅಂಗಡಿಯಿಂದ ತಂದ, ವಾರ್ನಿಶ್ ನಾರುವ ಪೆಟ್ಟಿಗೆಗಳನ್ನು ಬಿಟ್ಟು ಎರಡು ಜೇನು ಕುಟುಂಬಗಳು ಹಾರಿಹೋಗಿದ್ದವು. ಉಳಿದಿದ್ದು ಗೆದ್ದಲು ಹಿಡಿದ ಪೆಟ್ಟಿಗೆಯ ಈ ಕುಟುಂಬವೊಂದೇ.

ಉಪ್ಪಿನಂಗಡಿಯಲ್ಲಿ ಬಿಸಿಲು ಸುಡುತ್ತಿತ್ತು. ಗೋಳಿಬಜೆ ತಿಂದು ಕಡಬದ ಬಸ್ಸು ಹತ್ತಿದೆವು. ಕಂಡಕ್ಟರ್ ಸೀರೆಯ ಗಂಟು ನೋಡಿ, "ದೇವರ ಪೀಠವಾ ಅಮ್ಮ?" ಎಂದ. "ಅಲ್ಲ, ಜೇನಿನ ಮನೆಯ ಮಾಡು. ಮುಚ್ಚಳ," ಎಂದರು ಚಿಕ್ಕಮ್ಮ. ಅವನು ಲಗೇಜಿನ ದುಡ್ಡು ಕೇಳಲಿಲ್ಲ.

ವರ್ಕಿಯಣ್ಣನ ಮನೆ ಕಡಬದಾಚೆ, ರಬ್ಬರ್ ತೋಟದ ನಡುವೆ. ಅಂಗಳದ ತುಂಬ ಹಲಸಿನ ಮರದ ಹುಡಿ. ಅವರು ಹೊಸ ಪೆಟ್ಟಿಗೆಯೊಳಗಿನ ಚೌಕಟ್ಟುಗಳ ನಡುವೆ ಬಿದಿರಿನ ಸೀಳು ತೂರಿಸಿ ಎಡೆ ಸರಿಯಿದೆಯೇ ಎಂದು ನೋಡುತ್ತಿದ್ದರು. ನಾನು ಹಲಗೆಯನ್ನು ಬಿಸಿಲಿಗೆ ಹಿಡಿದೆ. ಬಿರುಕಿನಲ್ಲಿ ಬಿಳಿ ಬಲೆ, ಅದರೊಳಗೆ ಏನೋ ಮಿಸುಕುತ್ತಿತ್ತು.

"ಇದನ್ನು ಇಟ್ರೆ ವಾಸನೆ ಜೊತೆ ಮೇಣ ತಿನ್ನುವ ಹುಳವೂ ಹೋಗ್ತದಲ್ಲ?"

ಅವರು ಕನ್ನಡಕ ಏರಿಸಿ ನೋಡಿದರು. "ಹುಳ ಉಂಟು. ಇದು ಆಗುದಿಲ್ಲ."

ಚಿಕ್ಕಮ್ಮ ಮರದ ಹುಡಿಯ ಮೇಲೆಯೇ ಕೂತುಬಿಟ್ಟರು. "ಹಾಗಾದ್ರೆ ಈ ಜೇನೂ ಹಾರಿಹೋದ ಹಾಗೆ."

ಗೆದ್ದ ವಾದ ಇಷ್ಟು ಸಪ್ಪೆಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. "ನಿಮಗೆ ಬೇಕಾದ್ದು ಹಲಗೆಯಾ, ವಾಸನೆಯಾ?" ಎಂದು ವರ್ಕಿಯಣ್ಣನನ್ನು ಕೇಳಿದೆ.

"ವಾಸನೆ."

"ಹಾಗಾದ್ರೆ ಹಲಗೆಗೆ ಅಂಟಿದ ಮೇಣ ಕೆರೆದು ಕಾಯಿಸುವ. ಹುಳ ಸಾಯ್ತದೆ, ವಾಸನೆ ಉಳೀತದೆ."

"ಇವಳು ವಕೀಲೆಯಾ?"

"ಅಲ್ಲ, ಬಾಯಿ ಮಾತ್ರ," ಎಂದರು ಚಿಕ್ಕಮ್ಮ.

ಮೇಣ ಕೆರೆದ ಮೇಲೆ ವರ್ಕಿಯಣ್ಣ ಹಲಗೆಯನ್ನು ಸೀಳಿ ಒಲೆಗಿಟ್ಟರು. ಅದೇ ಬೆಂಕಿಯಲ್ಲಿ ಮೇಣ ಕರಗಿತು. ಅದರಲ್ಲಿ ಬಟ್ಟೆ ಅದ್ದಿ ಪೆಟ್ಟಿಗೆಯ ಒಳಮೈಗೆ ಉಜ್ಜಿದರು. ಕೊನೆಗೆ ಪೆಟ್ಟಿಗೆಯನ್ನು ಬೋರಲಾಗಿ ಹಿಡಿದು ಹಲಗೆಯದೇ ಹೊಗೆ ಕೊಟ್ಟರು. "ಈಗ ಇಡೀ ಹಲಗೆ ಒಳಗೆ ಬಂತು," ಎಂದರು. ಇದು ನನ್ನ ವಾದದಲ್ಲಿ ಇರಲಿಲ್ಲ.

ಪಂಜದ ದಾರಿಯಾಗಿ ಸುಳ್ಯಕ್ಕೆ ಬಂದು, ರಿಕ್ಷಾದಲ್ಲಿ ಆಲೆಟ್ಟಿ ತಲುಪುವಾಗ ಸಂಜೆಯಾಗಿತ್ತು. ಚಿಕ್ಕಮ್ಮ ಹುಳ ಕೂತ ಮೇಣದ ಎರಿಗಳನ್ನು ಹಳೆಯ ಪೆಟ್ಟಿಗೆಯಿಂದ ಒಂದೊಂದಾಗಿ ಹೊಸದಕ್ಕೆ ಇಳಿಸಿದರು. ತೆಂಗಿನ ಗೆರಟೆಯಲ್ಲಿ ಹೊಗೆ ಹಿಡಿಯುವುದು ನನ್ನ ಕೆಲಸ.

ಬೆಳಿಗ್ಗೆ ಇಬ್ಬರೂ ಪೆಟ್ಟಿಗೆಯ ಮುಂದೆ ಕೂತೆವು. ಹುಳಗಳು ಹೊರಬಂದು ಸುತ್ತಿದವು, ಮತ್ತೆ ಸುತ್ತಿದವು, ಹೋದವು. ಕಾಫಿ ಆರಿತು. ಆಮೇಲೆ ಒಂದು ಹುಳ ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡು ಬಂದು ನೇರ ಒಳಗೆ ಹೋಯಿತು. ಅದರ ಹಿಂದೆ ಇನ್ನೊಂದು. ಮರಿಗೆ ಊಟ ತರುತ್ತಿವೆ ಎಂದರೆ ಮನೆ ಒಪ್ಪಿವೆ ಎಂದರ್ಥ. ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ಈಗ ಎಂತ ಹೇಳ್ತಿ?"

"ಮೇಣ ಉಜ್ಜದ ಪೆಟ್ಟಿಗೆಯೊಂದನ್ನೂ ಇಟ್ಟು ನೋಡದೆ ಹೇಗೆ ಒಪ್ಪುದು?"

"ಇಟ್ಟು ನೋಡು. ಹುಳ ಮಾತ್ರ ನನ್ನ ಹತ್ರ ಕೇಳ್ಬೇಡ."

ಪುತ್ತೂರಿಗೆ ಮರಳುವ ಬಸ್ಸಿಗೆ ಹೊರಟಾಗ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಚಿಕ್ಕಮ್ಮ ನನ್ನತ್ತ ನೋಡಲೂ ಇಲ್ಲ. ಕುಕ್ಕರಗಾಲಲ್ಲಿ ಕೂತು, ಒಳಹೋಗುವ ಹುಳಗಳಿಗೆ ಏನೋ ಹೇಳುತ್ತಿದ್ದರು.